ಲ್ಯಾನ್ ಕಾರ್ಡ್ ಹಾಕಿದೆ, ಆದ್ರೂ ನೆಟ್ ಬರ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಕೌಲ್‌ಬಜಾರ್ ಕಡೆ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಏಪ್ರಿಲ್, ಮೇ ಬಂತು ಅಂದ್ರೆ ಒಂದೇ ತರಹದ ಫೋನು. "ಅಣ್ಣಾ, ನಿನ್ನೆ ರಾತ್ರಿ ಸಿಡಿಲು ಹೊಡೀತು. ಕಂಪ್ಯೂಟರ್ ಏನೋ ಆನ್ ಆಗುತ್ತೆ, ನೆಟ್ ಮಾತ್ರ ಇಲ್ಲ." ಸಿರುಗುಪ್ಪದ ರೈಸ್ ಮಿಲ್ಲಿನಿಂದ, ಸಂಡೂರಿನ ಲಾರಿ ಆಫೀಸಿನಿಂದ, ಗಂಗಾವತಿ, ಸಿಂಧನೂರು ಕಡೆಯಿಂದಲೂ ಬರುತ್ತವೆ. ಅಷ್ಟು ದೂರದಿಂದ ಸಿಪಿಯು ಹೊತ್ತು ತರೋದು ಸುಮ್ನೆ ದಂಡ. ನೆಟ್ ವೈರ್ ಚುಚ್ಚುವ ಲ್ಯಾನ್ ಕಾರ್ಡ್ ತಂದು ನೀವೇ ಹಾಕಿಕೊಳ್ಳಬಹುದು. ಹಾಕಿದ ಮೇಲೆ ಬರುವ ತಕರಾರುಗಳನ್ನು ಜನ ಫೋನಿನಲ್ಲಿ ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: "ಕಾರ್ಡೇ ಕೆಟ್ಟಿದೆ" ಅಂತ ನನ್ನ ಹತ್ತಿರ ವಾಪಸ್ ತಂದವರಲ್ಲಿ ಬಹಳ ಜನರ ಕಾರ್ಡ್ ಚೆನ್ನಾಗಿಯೇ ಇತ್ತು.

ಮದರ್‌ಬೋರ್ಡಿನಲ್ಲೇ ಲ್ಯಾನ್ ಪೋರ್ಟ್ ಇದೆಯಲ್ಲ, ಮತ್ತೆ ಕಾರ್ಡ್ ಯಾಕೆ?

ಆ ಪೋರ್ಟ್ ಚೆನ್ನಾಗಿದ್ದರೆ ಬೇಡವೇ ಬೇಡ. ಆದರೆ ನಮ್ಮ ಕಡೆ ಅದು ಸಿಡಿಲಿಗೆ ಸಾಯೋದು ಜಾಸ್ತಿ. ಕೇಬಲ್‌ನವರು ಕಂಬದಿಂದ ಮಾಳಿಗೆ, ಮಾಳಿಗೆಯಿಂದ ಕಿಟಕಿ ಅಂತ ಲ್ಯಾನ್ ವೈರ್ ಎಳೆದಿರುತ್ತಾರೆ. ಸಿಡಿಲು ನಿಮ್ಮ ಮನೆಗೇ ಬೀಳಬೇಕಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಆ ಉದ್ದದ ತಾಮ್ರದ ವೈರಿನಲ್ಲಿ ಜೋರು ವೋಲ್ಟೇಜ್ ಹುಟ್ಟುತ್ತದೆ. ಪೋರ್ಟಿನ ಹಿಂದೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದು ತಡೆಯಬೇಕಾದ್ದು 1500 ವೋಲ್ಟ್. ಸಿಡಿಲಿನ ಮುಂದೆ ಅದು ಯಾವ ಲೆಕ್ಕ?

ಪೋರ್ಟ್ ಸತ್ತಿದೆಯೋ ಇಲ್ಲವೋ ನೋಡೋಕೆ ಅದೇ ವೈರ್ ತೆಗೆದು ಒಂದು ಲ್ಯಾಪ್‌ಟಾಪಿಗೆ ಚುಚ್ಚಿ. ಅಲ್ಲಿ ಲೈಟ್ ಬಂದು ಇಲ್ಲಿ ಬರದಿದ್ದರೆ ಪೋರ್ಟ್ ಹೋಗಿದೆ. ಹೊಸ ಕಾರ್ಡ್ ಹಾಕುವ ಮೊದಲು ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ "ಆನ್‌ಬೋರ್ಡ್ ಲ್ಯಾನ್" ಅನ್ನೋದನ್ನ ಡಿಸೇಬಲ್ ಮಾಡಿಬಿಡಿ. ಅರ್ಧ ಸತ್ತ ಚಿಪ್ಪು ಪೂರ್ತಿ ಸತ್ತದ್ದಕ್ಕಿಂತ ಕಾಟ ಕೊಡುತ್ತೆ. ವಿಂಡೋಸ್ ಅದನ್ನ ಎಬ್ಬಿಸೋಕೆ ಹೋಗಿ ತಾನೇ ಒದ್ದಾಡುತ್ತಿರುತ್ತದೆ.

ಅಂಗಡಿಯಲ್ಲಿ ಯಾವ ಕಾರ್ಡ್ ಕೇಳಬೇಕು?

ಮೊದಲು ಸಿಪಿಯು ಬಿಚ್ಚಿ ಸ್ಲಾಟ್ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಉದ್ದನೆಯ, ಸಾಮಾನ್ಯವಾಗಿ ಬಿಳಿ ಬಣ್ಣದ ಸ್ಲಾಟ್ ಹಳೆಯ ಪಿಸಿಐ. ಹೆಬ್ಬೆರಳಿನ ಅಗಲದ ಚಿಕ್ಕದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ, ಒತ್ತಿ ಕೂರಿಸೋಕೆ ಹೋಗಬೇಡಿ. ಆದರೆ ಎಕ್ಸ್1 ಕಾರ್ಡನ್ನು ಅದಕ್ಕಿಂತ ಉದ್ದದ ಎಕ್ಸ್4, ಎಕ್ಸ್16 ಸ್ಲಾಟಿಗೆ ಹಾಕಬಹುದು. ಮುಂದಿನ ಜಾಗ ಖಾಲಿ ಉಳಿಯುತ್ತದೆ, ಅಷ್ಟೇ.

ಇನ್ನೊಂದು. ಈಗ ಆಫೀಸುಗಳಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಸಣ್ಣ ಸಿಪಿಯುಗಳೇ ಎಲ್ಲೆಲ್ಲೂ. ಅವುಗಳ ಡಬ್ಬಿ ತೆಳ್ಳಗೆ. ಕಾರ್ಡನ್ನು ಡಬ್ಬಿಗೆ ಸ್ಕ್ರೂ ಹಾಕಿ ಕೂರಿಸುವ ಮಾಮೂಲಿ ಉದ್ದದ ತಗಡು ಅದರಲ್ಲಿ ಹಿಡಿಸುವುದಿಲ್ಲ. "ಲೋ ಪ್ರೊಫೈಲ್ ತಗಡು ಸಮೇತ ಕೊಡಿ" ಅಂತ ಕೇಳಿ. ಕಾರ್ಡಿನ ಡಬ್ಬಿಯಲ್ಲೇ ಚಿಕ್ಕ ತಗಡು ಇನ್ನೊಂದು ಇರುತ್ತದೆ ಅಂತ ಗೊತ್ತಿಲ್ಲದೆ, ಉದ್ದದ ತಗಡನ್ನು ಕಟ್ಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದವರನ್ನು ನೋಡಿದ್ದೇನೆ.

ಸಿಪಿಯು ಬಿಚ್ಚೋಕೆ ಧೈರ್ಯ ಇಲ್ಲ ಅಂದ್ರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತನ್ನಿ. ಬಿಲ್ಲಿಂಗ್ ಕೆಲಸಕ್ಕೆ ಅದು ಧಾರಾಳ ಸಾಕು. ಇದನ್ನ ಹೇಳಿದ್ರೆ ನನ್ನ ವ್ಯಾಪಾರಕ್ಕೇ ಪೆಟ್ಟು, ಇರಲಿ.

ಕಾರ್ಡ್ ಹಾಕುವಾಗ ಶಾಕ್ ಹೊಡೆಯುತ್ತಾ?

ನಿಮಗೆ ಹೊಡೆಯೋದಕ್ಕಿಂತ ನೀವು ಕಾರ್ಡಿಗೆ ಹೊಡೆಯೋದು ಜಾಸ್ತಿ. ರಾಯಚೂರಿನ ಒಣ ಬಿಸಿಲಿನಲ್ಲಿ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಮೈಯಲ್ಲಿ ಚಿಟ್ ಅನ್ನುವಷ್ಟು ಸ್ಟ್ಯಾಟಿಕ್ ಕೂತಿರುತ್ತದೆ. ಪ್ಲಗ್ ಕೀಳಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಬಣ್ಣ ಇಲ್ಲದ ಕಡೆ ಡಬ್ಬಿಯ ಕಬ್ಬಿಣವನ್ನು ಕೈಯಿಂದ ಮುಟ್ಟಿ, ಆಮೇಲೆ ಕಾರ್ಡ್ ತೆಗೆಯಿರಿ. ಹಿಡಿಯುವುದು ಅಂಚಿನಲ್ಲಿ, ಹೊಳೆಯುವ ಪಿನ್ನುಗಳ ಮೇಲೆ ಬೆರಳು ಬೇಡ.

ಕಂಪ್ಯೂಟರ್ ಆನ್ ಇದ್ದಾಗ ಡಬ್ಬಿ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಾದ್ರೆ ಅರ್ಥಿಂಗ್ ಸರಿ ಇಲ್ಲ. ಲ್ಯಾನ್ ಕಾರ್ಡ್ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ. ನಮ್ಮ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿಬಿಡುತ್ತದೆ. ಆಗಾಗ ಎರಡು ಕೊಡ ನೀರು ಹಾಕಿದರೂ ಎಷ್ಟೋ ವ್ಯತ್ಯಾಸ ಕಾಣುತ್ತದೆ.

ಹಾಕಿದೆ, ಸ್ಕ್ರೂನೂ ಬಿಗಿ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಹೆಸರೇ ಇಲ್ಲ.

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಡಿವೈಸ್ ಮ್ಯಾನೇಜರ್ ಅಂದ್ರೆ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ತೋರಿಸುವ ವಿಂಡೋಸ್‌ನ ಪಟ್ಟಿ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಇಲ್ಲದಿದ್ದರೂ ಕಾರ್ಡ್ ಸರಿಯಾಗಿ ಕೂತಿದ್ದರೆ ಡಿವೈಸ್ ಮ್ಯಾನೇಜರ್‌ನ "ಅದರ್ ಡಿವೈಸಸ್" ಕೆಳಗೆ ಹಳದಿ ಗುರುತಿನ ಜೊತೆ "ಈಥರ್ನೆಟ್ ಕಂಟ್ರೋಲರ್" ಅಂತಾದರೂ ಬರಬೇಕು. ಏನೂ ಇಲ್ಲ ಅಂದ್ರೆ ಬೋರ್ಡಿಗೆ ಕಾರ್ಡೇ ಕಾಣುತ್ತಿಲ್ಲ. ಈಗ ಡ್ರೈವರ್ ಸಿಡಿ ಹಾಕಿ ಏನೂ ಉಪಯೋಗ ಇಲ್ಲ.

ಹೋದ ಬೇಸಿಗೆಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಿಂದ ಸಿಪಿಯು ಬಂತು. ಮುಚ್ಚಳ ತೆಗೆದರೆ ಫ್ಯಾನ್ ಮೇಲೆ, ಸ್ಲಾಟ್ ಒಳಗೆ, ಎಲ್ಲಾ ಕಡೆ ನೀಲಿ ಜುಂಗು. ಬಟ್ಟೆ ಕತ್ತರಿಸುವಾಗ ಹಾರುವ ದಾರದ ಪುಡಿ ಅದು, ಹಾಸಿಗೆ ಹತ್ತಿಯ ಹಾಗೆ ಕೂತಿತ್ತು. ಅದರ ಮೇಲೇ ಕಾರ್ಡ್ ಒತ್ತಿದ್ದರು. ಪಿನ್ನು ತಳ ಮುಟ್ಟಿರಲಿಲ್ಲ. ಬ್ಲೋಯರ್ ಹಿಡಿದೆ, ಮೆತ್ತಗಿನ ಬಣ್ಣದ ಬ್ರಷ್‌ನಿಂದ ಸ್ಲಾಟ್ ಒರೆಸಿದೆ. ಕಾರ್ಡಿನ ಪಿನ್ನುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉದ್ದುದ್ದಕ್ಕೆ ಉಜ್ಜಿದೆ, ರಬ್ಬರ್ ತುದಿ ಕಪ್ಪಾಯಿತು. ರಬ್ಬರ್ ಪುಡಿ ಊದಿ, ಕಾರ್ಡ್ ಮತ್ತೆ ಹಾಕಿದೆ. ಎರಡೂ ತುದಿ ಸಮ ಕೂತಾಗ ಬೆರಳಿಗೇ ಗೊತ್ತಾಗುತ್ತದೆ. ಸಂಡೂರಿನ ಕೆಂಪು ಧೂಳಾಗಲಿ, ಗಂಗಾವತಿ ಮಿಲ್ಲಿನ ಹೊಟ್ಟಾಗಲಿ, ಕಥೆ ಇದೇ.

ಅದೂ ಆಗಲಿಲ್ಲ ಅಂದ್ರೆ ತಗಡಿನ ಸ್ಕ್ರೂ ನೋಡಿ. ಸೆಕೆಂಡ್ ಹ್ಯಾಂಡ್ ಡಬ್ಬಿಗಳು ಸ್ವಲ್ಪ ಸೊಟ್ಟಗಿರುತ್ತವೆ. ಸ್ಕ್ರೂ ಬಿಗಿ ಮಾಡಿದಷ್ಟೂ ಕಾರ್ಡಿನ ಹಿಂದಿನ ತುದಿ ಮೇಲೇಳುತ್ತದೆ. ಸ್ಕ್ರೂ ಸಡಿಲ ಮಾಡಿ ಆನ್ ಮಾಡಿ. ಕಾರ್ಡ್ ಕಂಡರೆ ತಪ್ಪು ಡಬ್ಬಿಯದು, ತಗಡನ್ನು ಸ್ವಲ್ಪ ಬಗ್ಗಿಸಿ ಹಾಕಿ. ಆಮೇಲೆ ಬೇರೆ ಸ್ಲಾಟ್‌ನಲ್ಲಿ ಹಾಕಿ ನೋಡಿ. ಕೆಲವು ಬೋರ್ಡುಗಳಲ್ಲಿ ಎಂ.2 ಅನ್ನುವ ಚಿಕ್ಕ ಸ್ಲಾಟಿನಲ್ಲಿ ಎಸ್‌ಎಸ್‌ಡಿ (ಡೇಟಾ ಇಡುವ ಡಿಸ್ಕ್) ಕೂತಿದ್ದರೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗೇ ಬಂದ್ ಆಗುತ್ತದೆ, ಇದು ಬೋರ್ಡಿನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೊನೆಗೆ, ಶಟ್‌ಡೌನ್ ಬದಲು ಒಮ್ಮೆ ರೀಸ್ಟಾರ್ಟ್ ಕೊಡಿ. ವಿಂಡೋಸ್‌ನ "ಫಾಸ್ಟ್ ಸ್ಟಾರ್ಟಪ್" ಆನ್ ಇದ್ದರೆ ಶಟ್‌ಡೌನ್ ಅನ್ನೋದು ಅರ್ಧ ನಿದ್ದೆ ಮಾತ್ರ. ಪೂರ್ತಿ ಮಲಗಿ ಏಳೋದು ರೀಸ್ಟಾರ್ಟ್‌ನಲ್ಲೇ.

ಹಳದಿ ಗುರುತು ಬಂದಿದೆ. ಡ್ರೈವರ್ ಡೌನ್‌ಲೋಡ್ ಮಾಡೋಣ ಅಂದ್ರೆ ನೆಟ್ಟೇ ಇಲ್ಲವಲ್ಲ?

ನಿಜ, ಬಾವಿಗೆ ಬಿದ್ದವನಿಗೆ ಹಗ್ಗ ಮೇಲಿದೆ ಅಂದ ಹಾಗೆ. ಆದರೆ ಹಗ್ಗ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ವೈರಿನಿಂದ ಕಂಪ್ಯೂಟರಿಗೆ ಚುಚ್ಚಿ, ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ಜಾಗದಲ್ಲಿ "ಯುಎಸ್‌ಬಿ ಟೆದರಿಂಗ್" ಆನ್ ಮಾಡಿ. ಕಂಪ್ಯೂಟರಿಗೆ ಫೋನಿನ ನೆಟ್ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಬಹಳ ಸಲ ಅದೇ ಡ್ರೈವರ್ ಹುಡುಕಿ ಹಾಕಿಕೊಳ್ಳುತ್ತದೆ. ವೈರ್ ಬರೀ ಚಾರ್ಜಿಂಗ್‌ದು ಆಗಿರಬಾರದು, ಡೇಟಾ ಹೋಗುವಂಥದ್ದೇ ಬೇಕು.

ತಾನಾಗಿ ಸಿಗಲಿಲ್ಲವೆಂದರೆ ಚಿಪ್ಪು ಯಾರದು ಅಂತ ಗೊತ್ತಾಗಬೇಕು. ಕಾರ್ಡಿನ ಡಬ್ಬಿ ಮೇಲಿನ ಕಂಪನಿ ಹೆಸರು ನಂಬಬೇಡಿ, ಒಳಗಿನ ಚಿಪ್ಪು ಬೇರೆಯವರದ್ದಿರುತ್ತದೆ. ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಟೇಲ್ಸ್, "ಹಾರ್ಡ್‌ವೇರ್ ಐಡೀಸ್". ಅಲ್ಲಿ ವೆಂಡರ್ ನಂಬರ್ 10ಇಸಿ ಇದ್ದರೆ ರಿಯಲ್‌ಟೆಕ್. 8086 ಇದ್ದರೆ ಇಂಟೆಲ್. 1978ರಲ್ಲಿ ಅವರು ಮಾಡಿದ ಪ್ರೊಸೆಸರಿನ ನಂಬರನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ, ಮನೆಗೆ ಅಜ್ಜನ ಹೆಸರಿಟ್ಟ ಹಾಗೆ. ಮುಂದಿನದು ಡಿವೈಸ್ ನಂಬರ್. ರಿಯಲ್‌ಟೆಕ್‌ನಲ್ಲಿ 8139 ಅಂದರೆ ಹಳೆಯ 100 ಎಂಬಿಪಿಎಸ್ ಕಾರ್ಡ್, 8168 ಅಂದರೆ ಗಿಗಾಬಿಟ್, 8125 ಅಂದರೆ 2.5 ಗಿಗಾಬಿಟ್. ಈ 8125ರ ಡ್ರೈವರ್ ಹಳೆಯ ವಿಂಡೋಸ್ 10ರ ಒಳಗೆ ಇರುವುದಿಲ್ಲ, ಕೈಯಾರೆ ಹಾಕಬೇಕು.

ಕೋಡ್ 28 ಅಂತ ತೋರಿಸಿದರೆ ಡ್ರೈವರ್ ಇಲ್ಲ ಅಂತಷ್ಟೇ ಅರ್ಥ. ಕೋಡ್ 10 ಅಂದರೆ ಡ್ರೈವರ್ ಇದೆ, ಕಾರ್ಡ್ ಶುರು ಆಗ್ತಿಲ್ಲ. ಡ್ರೈವರ್ ಕಿತ್ತು ಮತ್ತೆ ಹಾಕಿ, ಸ್ಲಾಟ್ ಬದಲಿಸಿ. ಆಮೇಲೂ ಕೋಡ್ 10 ಬಂದರೆ ಆಗ ಕಾರ್ಡನ್ನು ಅನುಮಾನಿಸಬಹುದು. ಎಲ್ಲಾ ಡ್ರೈವರನ್ನೂ ಹುಡುಕಿ ಕೊಡ್ತೀವಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಮಾತ್ರ ಹಾಕಬೇಡಿ. ಒಂದು ಡ್ರೈವರ್ ಜೊತೆ ಹತ್ತು ಪೀಡೆ ಬರುತ್ತವೆ.

ಡ್ರೈವರ್ ಎಲ್ಲಾ ಸರಿ ಇದೆ, ಪೋರ್ಟಿನ ಲೈಟ್ ಬರ್ತಿಲ್ಲ.

ವೈರ್ ಬದಲಿಸಿ. ಮೊದಲು ಅದನ್ನ ಮಾಡಿ, ಉಳಿದದ್ದು ಆಮೇಲೆ. ಮಿಲ್ಲುಗಳಲ್ಲಿ ಇಲಿ ಕಡಿದಿರುತ್ತದೆ, ಮನೆಗಳಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿರುತ್ತದೆ. ರೂಟರ್ ಕಡೆಯ ಪೋರ್ಟನ್ನೂ ಬದಲಿಸಿ ನೋಡಿ. ಸಿಡಿಲು ವೈರಿನ ಎರಡೂ ತುದಿಗೆ ಹೊಡೆಯುತ್ತದೆ. ಇಲ್ಲಿ ಹೊಸ ಕಾರ್ಡ್ ಹಾಕಿ, ಅಲ್ಲಿ ಸತ್ತ ಪೋರ್ಟಿಗೇ ಚುಚ್ಚಿಕೊಂಡು ತಲೆ ಕೆಡಿಸಿಕೊಳ್ಳುವವರು ಬಹಳ.

ಲೈಟ್ ಬಂತು, ಆದರೆ ಐಪಿ 169.254 ಅಂತ ಶುರು ಆಗುತ್ತೆ.

ರೂಟರಿನಿಂದ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸದ ನಂಬರ್) ಸಿಗಲಿಲ್ಲ ಅಂತ ವಿಂಡೋಸ್ ತಾನೇ ಒಂದು ನಂಬರ್ ಕಟ್ಟಿಕೊಂಡಿದೆ. ಅದರಿಂದ ನೆಟ್ ಬರಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿ. ಕಾರ್ಡಿನ ಐಪಿವಿ4 ಸೆಟ್ಟಿಂಗ್ "ಆಟೋಮ್ಯಾಟಿಕ್" ಇದೆಯಾ ನೋಡಿ.

ನಿಮ್ಮ ಆಫೀಸಿನಲ್ಲಿ ಐಪಿ ಕೈಯಾರೆ ಹಾಕುವ ಪದ್ಧತಿ ಇದ್ದರೆ ಇನ್ನೊಂದು ತಮಾಷೆ ಇದೆ. ಹಳೆಯ ನಂಬರನ್ನೇ ಹೊಸ ಕಾರ್ಡಿಗೆ ಕೊಟ್ಟರೆ "ಈ ಐಪಿ ಬೇರೆ ಅಡಾಪ್ಟರಿಗೆ ಕೊಟ್ಟಾಗಿದೆ" ಅಂತ ವಿಂಡೋಸ್ ತಕರಾರು ತೆಗೆಯುತ್ತದೆ. ಸತ್ತ ಕಾರ್ಡಿನ ಹೆಸರಲ್ಲಿ ಖಾತೆ ಇನ್ನೂ ಉಳಿದಿದೆ, ತೀರಿಹೋದವರ ಹೆಸರಿನಲ್ಲೇ ಪಹಣಿ ಬರ್ತಿರೋ ಹಾಗೆ. ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುಗೆ ಹೋಗಿ "ಶೋ ಹಿಡನ್ ಡಿವೈಸಸ್" ಕೊಡಿ. ಮಸುಕಾಗಿ ಹಳೆಯ ಕಾರ್ಡ್ ಕಾಣುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.

ಐಪಿ ಸರಿಯಾಗಿ ಬಂತು, ರೂಟರ್ ಸಿಗುತ್ತೆ, ನೆಟ್ ಮಾತ್ರ ಇಲ್ಲ. ಕೇಬಲ್‌ನವರು "ನಮ್ಮ ಕಡೆ ಸರಿ ಇದೆ" ಅಂತಾರೆ.

ರೂಟರ್ ಇದ್ದರೆ ಅದೇ ವೈಫೈನಲ್ಲಿ ಫೋನಿಗೆ ನೆಟ್ ಬರುತ್ತಾ ನೋಡಿ. ಫೋನಿಗೂ ಬರದಿದ್ದರೆ ನಿಮ್ಮ ಕಾರ್ಡಿನ ತಪ್ಪಲ್ಲ. ಫೋನಿಗೆ ಬಂದು ಕಂಪ್ಯೂಟರಿಗೆ ಮಾತ್ರ ಇಲ್ಲ ಅಂದ್ರೆ ಅದೇ ಐಪಿವಿ4 ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡುವುದು) ಕೂಡ "ಆಟೋಮ್ಯಾಟಿಕ್" ಇಡಿ, ಹಳೆಯ ಪ್ರಾಕ್ಸಿ (ನೆಟ್‌ಗೆ ನಡುವೆ ನಿಲ್ಲುವ ಇನ್ನೊಂದು ಕಂಪ್ಯೂಟರ್) ಸೆಟ್ಟಿಂಗ್ ಇದ್ದರೆ ತೆಗೆಯಿರಿ.

ರೂಟರ್ ಇಲ್ಲದೆ ವೈರ್ ನೇರ ಕಂಪ್ಯೂಟರಿಗೆ ಬಂದಿದ್ದರೆ ಮ್ಯಾಕ್ ನಂಬರ್ ನೆನಪಿಸಿಕೊಳ್ಳಿ. ಪ್ರತಿ ಲ್ಯಾನ್ ಕಾರ್ಡಿಗೂ ಹುಟ್ಟಿನಿಂದಲೇ 12 ಅಂಕಿ-ಅಕ್ಷರದ ಒಂದು ಗುರುತು ಇರುತ್ತದೆ. ಕೆಲವು ಊರಿನ ಕೇಬಲ್ ನೆಟ್‌ನವರು ನಿಮ್ಮ ಅಕೌಂಟನ್ನು ಆ ಗುರುತಿಗೆ ಕಟ್ಟಿಹಾಕಿರುತ್ತಾರೆ. ಕಾರ್ಡ್ ಬದಲಾದರೆ ಗುರುತೂ ಬದಲು, ಅವರ ಮಷಿನ್ ನಿಮ್ಮನ್ನು ಒಳಗೆ ಬಿಡಲ್ಲ. ಫೋನ್ ಮಾಡಿ "ನೆಟ್ ಇಲ್ಲ" ಅಂತ ಹೇಳಬೇಡಿ. "ಲ್ಯಾನ್ ಕಾರ್ಡ್ ಬದಲಿಸಿದ್ದೇನೆ, ಮ್ಯಾಕ್ ರೀಸೆಟ್ ಮಾಡಿ" ಅನ್ನಿ. ಎರಡು ನಿಮಿಷದ ಕೆಲಸ. ಇದೊಂದು ಮಾತು ಗೊತ್ತಿಲ್ಲದೆ ಮೂರು ದಿನ ಅಂಗಡಿ ಬಿಲ್ಲನ್ನು ಕೈಯಲ್ಲಿ ಬರೆದ ಕಿರಾಣಿಯವರು ನನಗೆ ಗೊತ್ತು.

ನೆಟ್ ಬಂತು. ಆದರೆ ಪಕ್ಕದ ಟೇಬಲ್‌ನವರಿಗೆ ನನ್ನ ಕಂಪ್ಯೂಟರಿನ ಪ್ರಿಂಟರ್, ಟ್ಯಾಲಿ ಡೇಟಾ ಸಿಗ್ತಿಲ್ಲ.

ಹೊಸ ಕಾರ್ಡ್ ಅಂದ್ರೆ ವಿಂಡೋಸ್ ಪಾಲಿಗೆ ಹೊಸ ಊರು. "ನೆಟ್‌ವರ್ಕ್ 2" ಅಂತ ಹೆಸರಿಟ್ಟು, ಪಬ್ಲಿಕ್ ಅಂತ ಗುರುತು ಹಾಕಿ, ಬಾಗಿಲು ಹಾಕಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ಮೇಲೆ ಒತ್ತಿ ಪಬ್ಲಿಕ್ ಬದಲು ಪ್ರೈವೇಟ್ ಮಾಡಿ. ಜೊತೆಗೆ ಈ ಕಂಪ್ಯೂಟರಿನ ಐಪಿ ಮೊದಲಿನದೇ ಇದೆಯಾ ನೋಡಿ. ಬೇರೆ ಕಂಪ್ಯೂಟರುಗಳು ಹಳೆಯ ನಂಬರನ್ನೇ ಹುಡುಕುತ್ತಿರುತ್ತವೆ.

ಗಿಗಾಬಿಟ್ ಕಾರ್ಡ್ ತಂದೆ, 100 ಅಂತಲೇ ತೋರಿಸುತ್ತೆ. ಮೋಸ ಹೋದೆನಾ?

ಇಲ್ಲ, ವೈರ್ ನೋಡಿ. ಲ್ಯಾನ್ ವೈರಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಎಳೆ ಕಡಿದಿದ್ದರೂ ಕಾರ್ಡ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ.

ಒಂದು ಪರೀಕ್ಷೆ ಹೇಳ್ತೀನಿ. ವೈರಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪಗೆ ತಾಮ್ರ ಕಂಡಿತು ಅಂತ ಖುಷಿಯಾಗಬೇಡಿ, ಇನ್ನೂ ಎರಡು ಸಲ ಕೆರೆಯಿರಿ. ಒಳಗೆ ಬೆಳ್ಳಗೆ ಬಂದರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಈ ವೈರ್ ಅಗ್ಗ ಅಂತ ರಾಶಿ ರಾಶಿ ಮಾರಾಟ ಆಗುತ್ತದೆ, ತಾಮ್ರದ್ದು ಅಂತಲೇ ನನಗೂ ಒಬ್ಬರು ಒಂದು ಸುರುಳಿ ಮಾರಿದ್ದರು.

ವೈರಿನ ತುದಿಗೆ ಪಿನ್ (ಪ್ಲಾಸ್ಟಿಕ್ ಕನೆಕ್ಟರ್) ನೀವೇ ಹೊಡೆಯುವುದಾದರೆ ಕ್ಲಿಪ್ ಕೆಳಗೆ, ವೈರ್ ನಿಮ್ಮ ಕಡೆಗೆ ಬರುವ ಹಾಗೆ ಹಿಡಿದು ಎಡದಿಂದ ಬಣ್ಣ ಹೀಗೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿ ಹೀಗೆಯೇ. ಉದ್ದ 100 ಮೀಟರ್ ದಾಟಬಾರದು. ಮಿಲ್ಲಿನ ಗೇಟಿನಿಂದ ಗೋದಾಮಿನವರೆಗೆ ಒಂದೇ ವೈರ್ ಎಳೆಯುವವರು ಇದನ್ನ ಮರೆಯುತ್ತಾರೆ.

ಅಂದ ಹಾಗೆ ನಿಮ್ಮ ಪ್ಲಾನೇ 50 ಅಥವಾ 100 ಎಂಬಿಪಿಎಸ್ ಆಗಿದ್ದರೆ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ.

ಬೆಳಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಆದ್ರೆ ಕಟ್ ಆಗುತ್ತೆ.

ಊಟಕ್ಕೆ ಹೋಗಿ ಬಂದ ಮೇಲೆ ಕಟ್ ಆಗಿರುತ್ತಾ? ಹಾಗಿದ್ದರೆ ವಿಂಡೋಸ್ ಕರೆಂಟ್ ಉಳಿಸೋಕೆ ಕಾರ್ಡನ್ನು ಮಲಗಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್, "ಪವರ್ ಮ್ಯಾನೇಜ್‌ಮೆಂಟ್"ಗೆ ಹೋಗಿ ಮೊದಲ ಟಿಕ್ ತೆಗೆಯಿರಿ. ಕೆಲಸ ಮಾಡ್ತಾ ಇರುವಾಗಲೇ ಕಟ್ ಆದರೆ ಬಿಸಿಯ ಬಗ್ಗೆ ಯೋಚಿಸಿ. ಹೊರಗೆ 42 ಡಿಗ್ರಿ, ತಗಡಿನ ಶೆಡ್ಡು, ಒಳಗೆ ಫ್ಯಾನ್ ತುಂಬ ಧೂಳು. ರೂಟರನ್ನು ಯುಪಿಎಸ್ ತಲೆ ಮೇಲೆ ಇಟ್ಟಿದ್ದರೆ ಮೊದಲು ಅಲ್ಲಿಂದ ಇಳಿಸಿ.

ಕಾರ್ಡ್ ಹಾಕಿದಾಗಿನಿಂದ ಎಲ್ಲಾ ಸೈಟೂ "ಸುರಕ್ಷಿತವಲ್ಲ" ಅನ್ನುತ್ತಿದೆ. ವೈರಸ್ ಬಂತಾ?

ಕೆಳಗೆ ಬಲಗಡೆ ತಾರೀಕು ನೋಡಿ. ಯಾವುದೋ ಹಳೆಯ ವರ್ಷ ಇರುತ್ತದೆ. ಪ್ಲಗ್ ಕಿತ್ತಾಗ ಬೋರ್ಡಿನ ಗುಂಡು ಬ್ಯಾಟರಿ ಕೈ ಕೊಟ್ಟಿದೆ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಬದಲಿಸಿ, ತಾರೀಕು ಸರಿ ಮಾಡಿ. ಬ್ಯಾಟರಿ ಹೋಗಿದ್ದರೆ ಬಯೋಸ್ ಸೆಟ್ಟಿಂಗೂ ಮೊದಲಿನಂತಾಗಿರುತ್ತದೆ, ಆನ್‌ಬೋರ್ಡ್ ಲ್ಯಾನ್ ಮತ್ತೆ ಡಿಸೇಬಲ್ ಮಾಡಿ.

ವೈಫೈ ಕಾರ್ಡಿಗೂ ಇದೇ ಎಲ್ಲಾ ಅನ್ವಯ ಆಗುತ್ತಾ?

ಬಹಳಷ್ಟು ಆಗುತ್ತೆ. ಜೊತೆಗೆ ಎರಡು ವಿಷಯ. ಆಂಟೆನಾ ತಿರುಗಿಸಿ ಬಿಗಿ ಮಾಡಿ, ಸಿಪಿಯು ಮೇಜಿನ ಕೆಳಗೆ ಗೋಡೆಗೆ ಅಂಟಿಸಿ ಇಡಬೇಡಿ. ಬ್ಲೂಟೂತ್ ಕೆಲಸ ಮಾಡ್ತಿಲ್ಲ ಅಂದ್ರೆ ಕಾರ್ಡಿನಿಂದ ಬೋರ್ಡಿನ ಯುಎಸ್‌ಬಿ ಪಿನ್ನಿಗೆ ಹೋಗಬೇಕಾದ ಚಿಕ್ಕ ವೈರ್ ಕಾರ್ಡ್ ಬಂದ ಡಬ್ಬಿಯಲ್ಲೇ ಉಳಿದಿದೆ.

ಲಿನಕ್ಸ್‌ನಲ್ಲಿ?

ರಿಯಲ್‌ಟೆಕ್, ಇಂಟೆಲ್ ಚಿಪ್ಪಿಗೆ ಸಾಮಾನ್ಯವಾಗಿ ಡ್ರೈವರ್ ಒಳಗೇ ಇರುತ್ತದೆ. ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ಕಾರ್ಡ್ ಹೆಸರು ಬಂದರೆ ಸ್ಲಾಟ್ ಸರಿ ಇದೆ.

ಹಳೆಯ ಕಾರ್ಡ್ ತೆಗೆದ ಜಾಗ ತೆರೆದೇ ಇದೆ, ಏನಾದರೂ ತೊಂದರೆಯಾ?

ಮುಚ್ಚಿ. ತಗಡು ಸಿಗದಿದ್ದರೆ ರಟ್ಟು ಕತ್ತರಿಸಿ ಅಂಟಿಸಿ. ನಮ್ಮ ಕಡೆ ಹಲ್ಲಿಗೆ ಬೆಚ್ಚಗಿನ ಜಾಗ ಸಿಕ್ಕರೆ ಸಾಕು. ಎಸ್‌ಎಂಪಿಎಸ್‌ಗೆ (ಸಿಪಿಯು ಒಳಗಿನ ಪವರ್ ಸಪ್ಲೈ) ಸಿಕ್ಕಿ ಸುಟ್ಟ ಹಲ್ಲಿಯ ವಾಸನೆ ಒಂದು ವಾರ ಹೋಗಲ್ಲ.

ಮುಂದಿನ ಸಿಡಿಲಿಗೆ ಈ ಕಾರ್ಡನ್ನಾದರೂ ಹೇಗೆ ಉಳಿಸಿಕೊಳ್ಳೋದು?

ಮೋಡ ಕಪ್ಪಾಗಿ ಗುಡುಗೋಕೆ ಶುರುವಾಯಿತು ಅಂದ್ರೆ ಎಲ್ಲರೂ ಓಡಿ ಕರೆಂಟ್ ಪ್ಲಗ್ ಕೀಳುತ್ತಾರೆ, ಲ್ಯಾನ್ ವೈರ್ ಹಾಗೇ ಬಿಡುತ್ತಾರೆ. ಎರಡನ್ನೂ ಕೀಳಿ. ಸಿಡಿಲು ತಲೆ ಮೇಲೇ ಬಂದಿದ್ದರೆ ಮಾತ್ರ ವೈರ್ ಮುಟ್ಟೋಕೆ ಹೋಗಬೇಡಿ. ಆಗ ಕಾರ್ಡ್ ಹೋದರೆ ಹೋಗಲಿ. ಬಾಗಿಲು ಹಾಕಿ ಮನೆಗೆ ಹೊರಡುವಾಗಲೇ ಕಿತ್ತಿಡುವ ಅಭ್ಯಾಸ ಮಾಡಿಕೊಂಡರೆ ಈ ಪೀಕಲಾಟವೇ ಇಲ್ಲ.

ಫೈಬರ್ ಸಿಗುವ ಕಡೆ ಅದಕ್ಕೇ ಬದಲಾಯಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೂ ಫೈಬರ್ ಡಬ್ಬಿಯ ಅಡಾಪ್ಟರ್ ಕರೆಂಟ್ ಪ್ಲಗ್‌ನಲ್ಲೇ ಇರುತ್ತದಲ್ಲ, ಸಂಜೆ ಹೊರಡುವಾಗ ಅದನ್ನೂ ಸೇರಿಸಿ ಕೀಳಿ.